ಕೈಪಿಡಿರಾಯರ ಪಕ್ಕದ ಕುರ್ಚಿ

ಕಚೇರಿಯಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಅವರು ಓಡುವುದು ಕೈಪಿಡಿರಾಯರ ಮೇಜಿಗೆ. ಅವರಿಗೊಂದು ಸ್ವಂತ ಹೆಸರೂ ಇದೆ, ಸಂಬಳದ ದಿನ ಬಿಟ್ಟರೆ ಯಾರಿಗೂ ಅದು ನೆನಪಾಗುವುದಿಲ್ಲ. “ಅವಸರ ಯಾಕೆ, ಕೂತ್ಕೊಳ್ಳಿ, ಕೈಪಿಡಿ ಏನನ್ನುತ್ತೋ ನೋಡೋಣ” ಎಂದು ಪಕ್ಕದ ಕುರ್ಚಿಯ ಧೂಳು ಒರೆಸಿ, ತೆರೆಯ ಮೇಲೆ ಸಾಫ್ಟ್‌ವೇರಿನ ಕೈಪಿಡಿ ಬಿಚ್ಚುತ್ತಾರೆ. ಎಡಗಡೆ ಪರಿವಿಡಿ, ಬಲಗಡೆ ಪುಟ, ಪುಟದ ತುಂಬ ನೀಲಿ ಲಿಂಕುಗಳು. ಹುಡುಕುವ ಖಾನೆ ಕಣ್ಣೆದುರಿಗೇ ಇದ್ದರೂ ಮುಟ್ಟುವುದಿಲ್ಲ. ಅದು ಗೋಡೆ ಹಾರಿ ಮನೆಗೆ ನುಗ್ಗಿದ ಹಾಗಂತೆ. ಮುನ್ನುಡಿಯಿಂದಲೇ ಹೊರಟು, ನೀಲಿ ಕಂಡಲ್ಲೆಲ್ಲ ಒತ್ತುತ್ತ, ಪುಟದ ಅಂಚು ಕಿರಿದು ಮಾಡಲು ಬಂದವರನ್ನು ಅಕ್ಷರದ ಗಾತ್ರ, ಕಾಗದದ ಅಳತೆ ಎಲ್ಲ ದಾಟಿಸಿ ಅಧಿಕ ವರ್ಷದ ಲೆಕ್ಕದ ತನಕ ಕರೆದೊಯ್ಯುತ್ತಾರೆ. ಅಷ್ಟರಲ್ಲಿ ಬಂದವರಿಗೆ ತಾವು ಬಂದದ್ದೇಕೆಂಬುದೇ ಮರೆತಿರುತ್ತದೆ. ಆದರೂ ಏಳುವಂತಿಲ್ಲ, ಹಿಂದಕ್ಕೆ ಹೋಗುವ ಬಾಣ ಒತ್ತುತ್ತ, ಬಂದ ದಾರಿಯಲ್ಲೇ ಒಂದೊಂದು ಪುಟವನ್ನೂ ಮಾತಾಡಿಸಿಕೊಂಡು ಮರಳಬೇಕು. “ಹೇಳದೆ ಕೇಳದೆ ಎದ್ದು ಹೋಗೋಕೆ ಇದೇನು ಬಸ್ ಸ್ಟ್ಯಾಂಡಾ?” ಎನ್ನುತ್ತಾರೆ. ಮೊನ್ನೆ ಮಾತ್ರ ರಾಯರು ಎಡವಿದರು. ನಲ್ಲಿಯಡಿ ಊಟದ ಡಬ್ಬಿ ತೊಳೆಯುತ್ತಿದ್ದಾಗ ಟೈಪಿಸ್ಟ್ ಬಂದು ಏನೋ ಕೇಳಿದಳು; ಮೈಮರೆತು, ಎಲ್ಲಿ ಒತ್ತಬೇಕು, ಆಮೇಲೇನು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. “ಎಲ್ಲಾ ಬಾಯಿಪಾಠ ಇದೆಯಲ್ಲ ಸಾರ್! ಮತ್ಯಾಕೆ ನಮ್ಮನ್ನ ಅಷ್ಟು ಹೊತ್ತು ಕೂರಿಸ್ಕೋತೀರಿ?” ಎಂದಳು ಅವಳು. ರಾಯರು ತೊಳೆದ ಡಬ್ಬಿಯನ್ನೇ ಇನ್ನೊಮ್ಮೆ ತೊಳೆದರು. “ಹೇಳಿಬಿಟ್ರೆ ನೀವೆಲ್ಲ ಎದ್ದು ಹೋಗ್ತೀರಲ್ಲಮ್ಮಾ.”