ನಿಯಾನ್ ಇಲ್ಲದೆಯೂ ಉಳಿದ ಗೆರೆ

ಕುಮಟಾದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಸಂಪದಾ ಕಾಸರಕೋಡಿನವಳು. ತಾಯಿ ಮಾದಿ ಹೊನ್ನಾವರ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮುಂಬೈಯಲ್ಲಿ ಪಿಎಚ್.ಡಿ. ಮಾಡುವಾಗ ಸಂಪದಾ ಹುಡುಕುತ್ತಿದ್ದುದು ಅಯೋಡಿನ್ ಅಣುವಿಗೆ ನಿಯಾನ್ ಪರಮಾಣು ಅಂಟಿಕೊಂಡ ಜೋಡಿಯನ್ನು. ನಿಯಾನ್ ಸುಲಭಕ್ಕೆ ಯಾವುದರ ಜೊತೆಗೂ ಸೇರುವ ಅನಿಲವಲ್ಲ. ಆದರೆ ಹೀಲಿಯಂ ಜೊತೆ ಎರಡನ್ನೂ ಬೆರೆಸಿ, ಸೂಜಿಮೊನೆಯಷ್ಟು ರಂಧ್ರದಿಂದ ನಿರ್ವಾತದೊಳಕ್ಕೆ ಚಿಮ್ಮಿಸಿದರೆ ಎಲ್ಲವೂ ವಿಪರೀತ ತಣ್ಣಗಾಗುತ್ತದೆ. ಆ ಚಳಿಯಲ್ಲಿ ಅಯೋಡಿನ್, ನಿಯಾನ್ ಸಡಿಲವಾಗಿ ಹತ್ತಿಕೊಳ್ಳುತ್ತವೆ, ಲೇಸರ್ ಬೆಳಕು ತಾಗಿದರೆ ಬಿಟ್ಟುಹೋಗುತ್ತವೆ. ಯಾವ ಬಣ್ಣದ ಬೆಳಕನ್ನು ಹೀರಿದವು ಎಂಬುದರಿಂದಲೇ ಅವುಗಳ ನಂಟನ್ನು ಅಳೆಯಬೇಕು.

ಮೂರನೆಯ ವರ್ಷ ಪರದೆಯ ಮೇಲೆ, ಅಯೋಡಿನ್ನಿನ ಎತ್ತರದ ಗೆರೆಯ ಪಕ್ಕ, ಸಣ್ಣದೊಂದು ಗೆರೆ ಎದ್ದಿತು. ಜೋಡಿ ಸಿಕ್ಕಿತೆಂದು ಮಾರ್ಗದರ್ಶಕ ಗುರುದತ್ತ ಎಲ್ಲರಿಗೂ ಚಹಾ ತರಿಸಿದರು. ಸಮ್ಮೇಳನದಲ್ಲಿ ಮಂಡಿಸುವುದೆಂದೂ ಆಯಿತು. ಫೋನಿನಲ್ಲಿ ಸುದ್ದಿ ಕೇಳಿದ ಮಾದಿ, ಅರ್ಥವಾಗದಿದ್ದರೂ, ಕೇರಿಗೆಲ್ಲ ಹೇಳಿಬಂದಳು.

ಸಮ್ಮೇಳನಕ್ಕೆ ಮುಂಚೆ ನಿಯಾನ್ ಸಿಲಿಂಡರ್ ಖಾಲಿಯಾಯಿತು. ಸುಮ್ಮನೆ ಕೂರಲಾಗದೆ ಸಂಪದಾ ಅಯೋಡಿನ್ ಜೊತೆ ಬರೀ ಹೀಲಿಯಂ ಹಾಯಿಸಿದಳು. ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು, ಸಂಭ್ರಮದಲ್ಲಿ ಉಳಿದುಹೋಗಿತ್ತು. ಸಣ್ಣ ಗೆರೆ ಇದ್ದಲ್ಲೇ ಇತ್ತು. ಅಂದರೆ ಅದು ನಿಯಾನ್ ಜೋಡಿಯದಲ್ಲ, ಸರಿಯಾಗಿ ತಣ್ಣಗಾಗದ ಅಯೋಡಿನ್ನಿನದು.

ಅವಳು ಮೊದಲು ಫೋನ್ ಮಾಡಿದ್ದು ತಾಯಿಗೆ.

"ಸುಳ್ಳಾತು ಅಮ್ಮ. ನಾ ಕಂಡದ್ದು ಅದಲ್ಲ."

"ನಿಮ್ಮ ಸರ್‌ಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಮತ್ತೆ ನಂಗೆಂತಕ್ಕೆ ಹೇಳೂದು? ಹೋಗಿ ಅವ್ರಿಗೆ ಹೇಳು."

ಸಂಪದಾ ತೋರಿಸಿದ ಗ್ರಾಫನ್ನು ಗುರುದತ್ತ ಎರಡು ಸಲ ನೋಡಿದರು. ಆಮೇಲೆ ಪ್ರಬಂಧ ಹಿಂತೆಗೆದುಕೊಳ್ಳುತ್ತೇವೆಂದು ತಾವೇ ಮೇಲ್ ಕಳಿಸಿದರು. ಬಯ್ಯಲಿಲ್ಲ. ಬಯ್ದಿದ್ದರೆ ಸಂಪದಾಗೆ ಹಗುರಾಗುತ್ತಿತ್ತು.

ಅವಳು ರಂಧ್ರ ಬದಲಿಸಿದಳು, ಒತ್ತಡ ಹೆಚ್ಚಿಸಿದಳು. ಮುಂದಿನ ಮಳೆಗಾಲದಲ್ಲಿ ಬೇರೊಂದು ಕಡೆ, ಇನ್ನೂ ಮಸುಕಾದ ಗೆರೆ ಕಂಡಿತು. ನಿಯಾನ್ ನಿಲ್ಲಿಸಿದಳು, ಹೋಯಿತು. ಬಿಟ್ಟಳು, ಬಂತು. ಯಾರಿಗೂ ಹೇಳದೆ ಮತ್ತೆ ಮತ್ತೆ ನಿಲ್ಲಿಸಿ ನೋಡಿದಳು. ಆಮೇಲೆ ಗುರುದತ್ತರನ್ನು ಕರೆದು, ನಿಯಾನ್ ಸಿಲಿಂಡರ್ ತೆರೆದು ಮುಚ್ಚುವ ಕೀಲಿಯನ್ನು ಅವರ ಕೈಗೇ ಕೊಟ್ಟಳು.

ಊರಿಗೆ ಬಂದಾಗ ಮಾದಿ ಕೇಳಿದಳು, "ಈಗ ಖರೇ ಆತಾ?"

"ಆತು."

"ಅದ್ರಿಂದ ಎಂತ ತಿಳೀತದೆ?"

"ಹತ್ರ ಬಂದ ಎರಡು ಎಷ್ಟು ಗಟ್ಟಿ ಹಿಡ್ಕಂತವೆ ಅಂತ. ಅಷ್ಟೇ."

"ಅಷ್ಟಕ್ಕೆ ಇಷ್ಟು ವರ್ಷ ಬೇಕಾತಾ?"

ಬೇಕಾಯಿತು ಎಂದಳು ಸಂಪದಾ.