ನೆಂಟರಿಗೆ ಮುದ್ದೆ ಹಾಕುವುದಿಲ್ಲ

ಇವತ್ತು ಬೆಳಗ್ಗೆ ರಾಗಿ ಬೀಸಿಸಿಕೊಂಡು ಬಂದೆ. ಕ್ಯಾತ್ಸಂದ್ರದ ನಮ್ಮ ಮನೆಗೆ ಹಿಟ್ಟಿನ ಮಿಲ್ಲು ದೂರವೇನಲ್ಲ, ನಡೆದೇ ಹೋಗಬಹುದು. ಆದರೂ ಸ್ಕೂಟರಿನಲ್ಲಿ ಹೋಗುತ್ತೇನೆ. ಬರುವಾಗ ಬಿಸಿ ಹಿಟ್ಟಿನ ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು ನಿಧಾನವಾಗಿ ಬರುವುದರಲ್ಲಿ ಒಂದು ಸುಖವಿದೆ. ಆಗ ತಾನೇ ಬೀಸಿದ ರಾಗಿಯ ವಾಸನೆ ನಿಮಗೆ ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೆ ನಾನು ಹೇಳಿ ತಿಳಿಸಲಾರೆ. ಈಗಷ್ಟೇ ತಿಂಡಿ ತಿಂದು ಬಂದವನಿಗೂ ಹಸಿವಾಗುತ್ತದೆ ಅಂತ ಮಾತ್ರ ಹೇಳಬಲ್ಲೆ.

ಮಿಲ್ಲಿನಲ್ಲಿ ಚೀಲ ಹಿಡಿದು ನಿಂತಿದ್ದಾಗ ಪಕ್ಕದ ಬೀದಿಯವರೊಬ್ಬರು ಸಿಕ್ಕಿ, "ಯಾವಾಗ ಸಾರ್ ವಾಪಸ್ಸು?" ಎಂದು ಕೇಳಿದರು. ನಾನು ಊರಿಗೆ ಬಂದು ನೆಲೆಸಿ ವರ್ಷ ಕಳೆದಿದೆ. "ಇನ್ನು ಹೋಗಲ್ಲ, ಬಂದ್ಬಿಟ್ಟಿದೀನಿ," ಎಂದೆ. ಅವರು ಕನಿಕರದಿಂದ ತಲೆ ಅಲ್ಲಾಡಿಸಿದರು. ಆ ತಲೆ ಅಲ್ಲಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಪಾಪ, ಕೆಲಸ ಹೋಗಿರಬೇಕು, ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಅದರ ಅರ್ಥ. ಕೆಲಸ ಹೋಗಿರಲಿಲ್ಲ. ಮಸ್ಕತ್‌ನ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ, "ಉಸಿರು ಹಿಡ್ಕೊಳ್ಳಿ, ಈಗ ಬಿಡಿ" ಅನ್ನುವುದನ್ನು ಅರಬ್ಬಿಯಿಂದ ಹಿಡಿದು ಬಂಗಾಳಿಯವರೆಗೆ ಸಿಕ್ಕ ಸಿಕ್ಕ ಭಾಷೆಯಲ್ಲೆಲ್ಲ ಹೇಳಿ ಸಾಕಾಗಿ, ಒಂದು ದಿನ ನಾನೂ ಉಸಿರು ಬಿಡೋಣ ಅನಿಸಿತು. ಹೆಂಡತಿ ಗಿರಿಜಳಿಗೆ ಹೇಳಿದೆ. ಅವಳು ಮರುದಿನವೇ ಪಾತ್ರೆಗಳನ್ನು ಡಬ್ಬಕ್ಕೆ ತುಂಬತೊಡಗಿದಳು. ಇಷ್ಟೇ ಕಾರಣ. ಇಷ್ಟು ಸಣ್ಣ ಕಾರಣವನ್ನು ನಮ್ಮ ಕಡೆಯವರು ನಂಬುವುದಿಲ್ಲ. ಕಂಪನಿ ಮುಚ್ಚಿತಂತೆ ಎಂದು ಒಬ್ಬರು, ಶುಗರ್ ಜಾಸ್ತಿಯಾಗಿದೆಯಂತೆ ಎಂದು ಇನ್ನೊಬ್ಬರು ತಮಗೆ ತೋಚಿದ್ದನ್ನು ಜೋಡಿಸಿಕೊಂಡರು. ಉಳಿದವರು ನಾನು ದೊಡ್ಡ ರಜದಲ್ಲಿ ಬಂದಿದ್ದೇನೆಂದು ತಿಳಿದು ಸುಮ್ಮನಾದರು.

ಅಲ್ಲಿದ್ದಷ್ಟು ಕಾಲ ನನಗಿದ್ದ ದೊಡ್ಡ ಆಸೆ ಮುದ್ದೆ. ನಗಬೇಡಿ. ರಾಗಿ ಹಿಟ್ಟು ಅಲ್ಲಿಯೂ ಸಿಗುತ್ತಿತ್ತು, ಯಾವ ಕಾಲದ್ದೋ ಏನೋ. ಗಿರಿಜಾ ಎಷ್ಟು ತೊಳಸಿದರೂ ಮುದ್ದೆ ತಟ್ಟೆಗೆ ಬೀಳುತ್ತಲೇ ಬಿರುಕು ಬಿಡುತ್ತಿತ್ತು. ಒಮ್ಮೆ ಅದನ್ನೇ ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿದ್ದೆ. ನಾನು ಅಗಿಯದೆ ನುಂಗುವುದನ್ನು ನೋಡಿ ಗಾಬರಿಯಾದ ಕೇರಳದ ಸಹೋದ್ಯೋಗಿಯೊಬ್ಬ, ಬಾ, ಒಂದು ಎಕ್ಸ್‌ರೇ ತೆಗೆದು ಎಲ್ಲಿಯವರೆಗೆ ಹೋಗಿದೆ ನೋಡಿಬಿಡೋಣ ಎಂದ. ಊರಿಗೆ ಹೋಗಲಿ, ದಿನಕ್ಕೆರಡು ಹೊತ್ತು ಮುದ್ದೆ ಉಣ್ಣುತ್ತೇನೆ, ಅದೂ ನಮ್ಮವರ ಮನೆಗಳಲ್ಲಿ ಕೂತು ಉಣ್ಣುತ್ತೇನೆ ಎಂದು ಅವತ್ತೇ ಮನಸ್ಸಿನಲ್ಲಿ ಶಪಥ ಮಾಡಿದೆ.

ಬಂದ ಮೇಲೆ ಆದದ್ದೇ ಬೇರೆ. ನಮ್ಮ ಸೀಮೆಯಲ್ಲಿ ಮುದ್ದೆ ಮನೆಯವರ ಊಟ. ನೆಂಟರು ಬಂದರೆ ಅನ್ನ, ಪಾಯಸ, ಒಬ್ಬಟ್ಟು, ಈಚೆಗೆ ಚಪಾತಿ, ಪಲಾವು. ನೆಂಟರೆದುರು ಮುದ್ದೆ ಇಡುವುದೆಂದರೆ ಅವರನ್ನು ಕೀಳಾಗಿ ಕಂಡಂತೆ. ಈಗ ಮದುವೆ ಮನೆಗಳಲ್ಲೂ ಪುಟ್ಟಪುಟ್ಟ ಮುದ್ದೆ ಬಡಿಸುವ ಫ್ಯಾಷನ್ ಬಂದಿದೆ, ಅದು ಬೇರೆ ಮಾತು. ಮನೆಗಳಲ್ಲಿ ಹಳೆಯ ಕಟ್ಟಳೆಯೇ ನಡೆಯುತ್ತಿದೆ. ಅದರಲ್ಲೂ ಫಾರಿನ್ನಿನಿಂದ ಬಂದ ನೆಂಟನಿಗೆ ಮುದ್ದೆಯೇ?

ಕುಣಿಗಲ್ಲಿನಲ್ಲಿ ಗಿರಿಜಳ ತಮ್ಮ ನಾಗೇಶನ ಮನೆ. ನಾವು ಎರಡು ದಿನ ಮೊದಲೇ ಫೋನ್ ಮಾಡಿ ತಿಳಿಸಿ ಹೋದೆವು. ಫ್ಯಾನಿನ ಕೆಳಗೆ ಸೋಫಾದಲ್ಲಿ ನನ್ನನ್ನು ಕೂರಿಸಿದರು. ಮುಂದೆ ಟೀಪಾಯಿ, ಅದರ ಮೇಲೆ ಸೀಲು ಒಡೆಯದ ನೀರಿನ ಬಾಟಲಿ. ಆಮೇಲೆ ಒಂದು ತಟ್ಟೆ ನೂಡಲ್ಸ್ ಬಂತು, ಜೊತೆಗೆ ಫೋರ್ಕು. ಆ ಫೋರ್ಕನ್ನು ನನಗಾಗಿಯೇ ಕೊಂಡು ತಂದಿದ್ದರು, ಬೆಲೆಯ ಚೀಟಿ ಇನ್ನೂ ಹಿಡಿಗೆ ಅಂಟಿಕೊಂಡಿತ್ತು. ಅಡುಗೆಮನೆಯಿಂದ ಹುರುಳಿಕಾಳಿನ ಬಸ್ಸಾರಿನ ಘಮ ಬರುತ್ತಿತ್ತು. ನನಗೆ ಬಾಯಲ್ಲಿ ನೀರೂರಿತು. ನಾಗೇಶ ಎದುರಿಗೆ ಕೂತು, "ಭಾವ, ನಾಚ್ಕೋಬೇಡಿ, ಇನ್ನೊಂಚೂರ್ ಹಾಕಿಸ್ಕೊಳಿ," ಎಂದು ಉಪಚಾರ ಮಾಡಿದ. ಗಿರಿಜಾ ಎಲ್ಲಿ ಎಂದು ನೋಡಿದರೆ, ತಮ್ಮನ ಹೆಂಡತಿಗೆ ಸಹಾಯ ಮಾಡುತ್ತೇನೆಂದು ಅಡುಗೆಮನೆಗೆ ಹೋದವಳು ಅರ್ಧ ಗಂಟೆಯಾದರೂ ಬರಲಿಲ್ಲ. ಬಂದಾಗ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ನನಗೆ ಎಲ್ಲವೂ ಅರ್ಥವಾಯಿತು.

ಬಸ್ಸಿನಲ್ಲಿ ಕೇಳಿದೆ, "ಎಷ್ಟು ಮುದ್ದೆ ಉಂಡೆ?"

"ಒಂದೇ ರೀ. ಬಸ್ಸಾರು ಚೆನ್ನಾಗಿತ್ತು," ಎಂದಳು, ಒಂದಿಷ್ಟೂ ನಾಚಿಕೆಯಿಲ್ಲದೆ.

ಹೊಟ್ಟೆ ಉರಿಯಿತು. ಆದರೆ ಅದು ಬಾಮೈದನ ಮನೆ, ಮಾವನ ಮನೆಯಲ್ಲಿ ಅಳಿಯನಿಗೆ ಉಪಚಾರ ತಪ್ಪಿದ್ದಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನಗೆ ಗುಬ್ಬಿಯಿತ್ತು. ಗುಬ್ಬಿಯಲ್ಲಿ ದೊಡ್ಡಮ್ಮ ಇದ್ದಳು.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿದ್ದುಕೊಂಡೇ. ಅವಳು ನನ್ನನ್ನು ಮುದ್ದು ಮಾಡಿದ್ದು ನೆನಪಿಲ್ಲ, ಬೈದದ್ದು ಮಾತ್ರ ಬೇಕಾದಷ್ಟು ನೆನಪಿದೆ. ಸ್ಕೂಲಿನಿಂದ ತಡವಾಗಿ ಬಂದರೆ, "ಎಲ್ ಹಾಳಾಗ್ ಹೋಗಿದ್ಯೋ, ಹಿಟ್ಟು ಆರ್ ಹೋಯ್ತು," ಎನ್ನುತ್ತಲೇ ತಟ್ಟೆ ಇಡುತ್ತಿದ್ದಳು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅನ್ನುವುದೇ ರೂಢಿ. ಅವಳು ಕಟ್ಟಿದ ಮುದ್ದೆ ನುಣ್ಣಗೆ ಹೊಳೆಯುತ್ತಿತ್ತು, ಹುಡುಕಿದರೂ ಗಂಟು ಸಿಗುತ್ತಿರಲಿಲ್ಲ. ಈಗ ಅವಳಿಗೆ ವಯಸ್ಸಾಗಿದೆ. ಅಡುಗೆಯನ್ನು ಸೊಸೆ ಮಂಜುಳಾ ನೋಡಿಕೊಳ್ಳುತ್ತಾಳೆ. ಮಗ ಬಸವರಾಜನದು ಹಾರ್ಡ್‌ವೇರ್ ಅಂಗಡಿ. ಬಾಯಿಯ ಜೋರು ಮಾತ್ರ ದೊಡ್ಡಮ್ಮ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಅಲ್ಲಿಗೂ ಫೋನ್ ಮಾಡಿಯೇ ಹೋದೆ. ಹೇಳದೆ ಹೋಗಿ ಒಬ್ಬರಿಗೆ ತೊಂದರೆ ಕೊಡಬಾರದು ಅನ್ನುವುದು ಮಸ್ಕತ್ ನನಗೆ ಕಲಿಸಿದ ಸಭ್ಯತೆ. ಅದರ ಜೊತೆಗೆ ಇನ್ನೂ ಕೆಲವನ್ನು ಕಲಿತು ಬಂದಿದ್ದೆ. ಕ್ಯೂನಲ್ಲಿ ಮುಂದಿನವರಿಗೂ ನನಗೂ ನಡುವೆ ಒಂದು ಮಾರು ಜಾಗ ಬಿಡುತ್ತಿದ್ದೆ, ಅಲ್ಲಿ ಯಾರಾದರೂ ಬಂದು ಆರಾಮಾಗಿ ನಿಂತುಬಿಡುತ್ತಿದ್ದರು. ಮಾತೆತ್ತಿದರೆ ಥ್ಯಾಂಕ್ಸ್ ಹೇಳುತ್ತಿದ್ದೆ. ಅವತ್ತು ಮಂಜುಳಾ ನೀರು ತಂದುಕೊಟ್ಟಾಗ ಥ್ಯಾಂಕ್ಸ್ ಎಂದೆ. ಆ ಹುಡುಗಿ ಅತ್ತೆಯ ಮುಖ ನೋಡಿದಳು.

"ಕುಂತ್ಕಳಪ್ಪ, ಮ್ಯಾಲ್ ಕುಂತ್ಕ," ಎಂದು ದೊಡ್ಡಮ್ಮ ಕುರ್ಚಿ ತೋರಿಸಿದಳು. ನನ್ನನ್ನು 'ಲೋ' ಎಂದು ಕರೆದ ಬಾಯಿ ಈಗ ಅಪ್ಪಾ ಅನ್ನುತ್ತಿತ್ತು. ಚಪಾತಿ, ಸಾಗು, ಪಲಾವು, ಜಾಮೂನು ಒಂದರ ಹಿಂದೊಂದು ಬಂದವು. ನಾನು ಕಾದೆ. ಜಾಮೂನು ಬಂದ ಮೇಲೆ ಇನ್ನು ಕಾಯುವುದರಲ್ಲಿ ಅರ್ಥವಿಲ್ಲವೆಂದು ಬಾಯಿಬಿಟ್ಟು ಕೇಳಿದೆ, "ದೊಡ್ಡಮ್ಮ, ಮುದ್ದೆ ಇಲ್ವಾ?"

"ಅಯ್ಯೋ ಬುಡಪ್ಪ. ಮನೆಗ್ ಬಂದ್ ನೆಂಟ್ರಿಗೆ ಹಿಟ್ಟು ಇಕ್ತಾರಾ? ಯಾರಾರ ಕೇಳಿದ್ರೆ ಏನಂದ್ಕಂಡಾರು," ಎಂದಳು. ಆಮೇಲೆ, "ಯಾವಾಗಪ್ಪ ವಾಪಸ್ಸು?"

"ಇನ್ನು ಹೋಗಲ್ಲ ದೊಡ್ಡಮ್ಮ, ಇಲ್ಲೇ ಇರ್ತೀನಿ."

"ಆಯ್ತಪ್ಪ," ಎಂದಳು. ಮಕ್ಕಳು ನಾಳೆಯಿಂದ ಜಾಣರಾಗುತ್ತೇವೆ ಎಂದಾಗ ದೊಡ್ಡವರು ಹೇಳುವ ಆಯ್ತಪ್ಪ ಅದು.

ಮಿಕ್ಕವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ದೊಡ್ಡಮ್ಮ ನನ್ನನ್ನು ನೆಂಟ ಎಂದದ್ದಕ್ಕೆ ಬಹಳ ನೋವಾಯಿತು. ಆ ಮನೆಯಲ್ಲೇ ನಾನು ನೆಂಟನಾದರೆ ಇನ್ನು ಈ ಊರಿನಲ್ಲಿ ಯಾರಿಗೆ ನಾನು ಮನೆಯವನು? ಇದೇ ಉಪಚಾರ ಮಾಡಿಸಿಕೊಳ್ಳುವುದಾದರೆ ವರ್ಷಕ್ಕೊಮ್ಮೆ ರಜದಲ್ಲಿ ಬಂದರೂ ಆಗುತ್ತಿತ್ತು, ಸಾಮಾನು ಕಟ್ಟಿಕೊಂಡು ಬರುವ ಅಗತ್ಯವೇನಿತ್ತು? ಮಸ್ಕತ್‌ನಲ್ಲಿ ನನ್ನ ಮೇಲಿನವರು, ಮನಸ್ಸು ಬದಲಾದರೆ ಹೇಳು, ನಿನ್ನ ಜಾಗಕ್ಕೆ ಸದ್ಯಕ್ಕೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದಿದ್ದರು. ಆ ರಾತ್ರಿ ಅವರ ನಂಬರು ತೆಗೆದು ನೋಡಿದೆ, ಮತ್ತೆ ಫೋನು ಕೆಳಗಿಟ್ಟೆ. ಮಾರನೆಯ ದಿನವೂ ಹಾಗೇ ಮಾಡಿದೆ. ಗಿರಿಜಾ ನೋಡಿಯೂ ನೋಡದಂತೆ ಸ್ವಲ್ಪ ದಿನ ಇದ್ದು, ಕೊನೆಗೆ ಕೇಳಿದಳು.

"ಏನ್ರೀ ನಿಮ್ಮ ತೊಂದ್ರೆ?"

ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ಎರಡ್ ದಿನ ಮುಂಚೆ ಫೋನ್ ಮಾಡ್ತೀರ, ಚಾಕ್ಲೆಟ್ ಡಬ್ಬ ತಗೊಂಡ್ ಹೋಗ್ತೀರ, ಕೂರು ಅಂದ ಕಡೆ ಕೂತ್ಕೊಂಡು ಥ್ಯಾಂಕ್ಸ್ ಹೇಳ್ತೀರ. ನೆಂಟರ ಥರ ಹೋದ್ರೆ ನೆಂಟರ ಅಡುಗೇನೇ ಮಾಡ್ತಾರೆ. ಪಾಪ, ಅವರದೇನು ತಪ್ಪು?"

ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡೆ. ಹೇಳದೆ ಕೇಳದೆ ಹೋಗಬೇಕು ಎಂದು ತೀರ್ಮಾನಿಸಿದೆ. ಆದರೆ ನನ್ನಂಥವನು ಹೇಳದೆ ಹೋಗುವುದಕ್ಕೂ ಸಿದ್ಧತೆ ಬೇಕು. ಯಾವ ದಿನ, ಯಾವ ರೈಲು, ಅವರು ಊಟಕ್ಕೆ ಕೂರುವುದು ಎಷ್ಟು ಹೊತ್ತಿಗೆ ಎಂದೆಲ್ಲ ಲೆಕ್ಕ ಹಾಕಿದೆ. ಗುಬ್ಬಿಯಲ್ಲಿ ಇಳಿದು ನಡೆಯುವಾಗ ದಾರಿಯಲ್ಲಿ ಸ್ವೀಟಿನ ಅಂಗಡಿ ಕಂಡಿತು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಮೆಟ್ಟಿಲು ಹತ್ತಿಯೇಬಿಟ್ಟೆ, ಗಿರಿಜಳ ಮಾತು ನೆನಪಾಗಿ ಇಳಿದೆ. ಅಂಗಡಿಯವನು ನನ್ನನ್ನು ಅನುಮಾನದಿಂದ ನೋಡಿದ. ಕೈಬೀಸಿಕೊಂಡು ನಡೆದೆ.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅನ್ನವಾದರೆ ಒಬ್ಬರು ಹೆಚ್ಚಾದರೂ ಹೇಗೋ ಹೊಂದುತ್ತದೆ. ಮುದ್ದೆ ಹಾಗಲ್ಲ, ಅದು ತಲೆಗೊಂದು. ಎಸರಿಡುವಾಗಲೇ ಯಾರು ಯಾರು ಉಣ್ಣುವವರು ಎಂದು ಮನಸ್ಸಿನಲ್ಲಿ ಎಣಿಸಿ ಹಿಟ್ಟು ಹಾಕುತ್ತಾರೆ. ಇಷ್ಟು ವರ್ಷ ಮುದ್ದೆಯ ಕನಸು ಕಂಡವನಿಗೆ ಅದೇ ಮರೆತುಹೋಗಿತ್ತು.

ನಾನು ಹೊಸಿಲು ದಾಟುವ ಹೊತ್ತಿಗೆ ಅತ್ತೆ ಸೊಸೆ ಇಬ್ಬರೂ ಆಗಷ್ಟೇ ನೆಲದ ಮೇಲೆ ತಟ್ಟೆ ಇಟ್ಟುಕೊಂಡಿದ್ದರು. ಬಸವರಾಜ ಊಟ ಮುಗಿಸಿ ಅಂಗಡಿಗೆ ಹೋಗಿದ್ದ. ಮಂಜುಳಾ ದಡಬಡನೆ ಎದ್ದು, "ಭಾವ, ಕೂತ್ಕೊಳಿ, ಒಂದ್ ಹತ್ ನಿಮಿಷ, ಉಪ್ಪಿಟ್ಟು ಕೆದಕ್‌ಬಿಡ್ತೀನಿ," ಎಂದಳು. ದೊಡ್ಡಮ್ಮ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು, ಬರಿಗೈಯನ್ನೂ ನೋಡಿದಳು.

"ಏನ್ಲಾ, ಉಣ್ಣೋ ಹೊತ್ನಾಗೆ ಇಂಗ್ ನುಗ್ತೀಯ? ಬತ್ತೀನಿ ಅಂತ ಒಂದ್ ಮಾತ್ ಹೇಳಕ್ಕೇನಾಗಿತ್ತು ನಿಂಗೆ? ಯಾವಾಗ್ಲೂ ಮಾಡ್ತಿದ್ದ ಫೋನು ಇವತ್ ಎಲ್ ಹೋಗಿತ್ತು?"

ಎಷ್ಟೋ ವರ್ಷದ ಮೇಲೆ ನನಗೆ ಬೈಗುಳ ಬಿದ್ದಿತ್ತು. ನಗುತ್ತ ನಿಂತೆ.

"ಹಲ್ ಕಿರೀತಾನೆ ನೋಡು. ಹೋಗು, ಕೈಕಾಲ್ ತೊಳ್ಕಂಬಾ."

ತೊಳೆದುಕೊಂಡು ಬರುವಷ್ಟರಲ್ಲಿ ಅವಳು ಇನ್ನೊಂದು ತಟ್ಟೆ ಎಳೆದುಕೊಂಡು, ಇನ್ನೂ ಮುಟ್ಟದ ತನ್ನ ಮುದ್ದೆಯನ್ನು ಒದ್ದೆ ಕೈಯಲ್ಲಿ ಎರಡು ಮಾಡುತ್ತಿದ್ದಳು. ಮಂಜುಳಾ ಮೆಲ್ಲಗೆ, "ಅತ್ತೆ, ಭಾವಂಗೆ ಅರ್ಧ ಹಿಟ್ಟು ಹಾಕದಾ? ಚೆನ್ನಾಗಿರಲ್ಲ," ಎಂದಳು.

"ಅವ್ನೇನ್ ನೆಂಟ್ನಾ? ಹೇಳ್ದಂಗೆ ಬಂದವ್ನೆ, ಇರದ್ ಉಣ್ಲಿ."

ಪಕ್ಕದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಸೊಪ್ಪಿನ ಸಾರು. ಮುದ್ದೆ ಸ್ವಲ್ಪ ಆರಿತ್ತು, ಮಂಜುಳಾ ಕಟ್ಟಿದ್ದರಿಂದ ಒಂದೆರಡು ಗಂಟೂ ಇದ್ದವು. ತಲೆ ತಗ್ಗಿಸಿಕೊಂಡು ಉಂಡೆ, ಯಾಕೆಂದರೆ ಕಣ್ಣು ತುಂಬಿಕೊಂಡಿತ್ತು. ಸಾರಿನ ಖಾರ ಎಂದು ಹೇಳಲು ಸಿದ್ಧನಾಗಿದ್ದೆ, ಯಾರೂ ಕೇಳಲಿಲ್ಲ. ಅನ್ನವೂ ಒಂದು ಹಿಡಿಯಷ್ಟೇ ಇತ್ತು, ಅದನ್ನೂ ಮೂವರು ಹಂಚಿಕೊಂಡೆವು. ಊಟವಾದ ಮೇಲೆ ಇನ್ನೇನು ಒರಗಬೇಕು, ದೊಡ್ಡಮ್ಮ, "ಸುಮ್ಕೆ ಕುಂತವ್ನೆ. ಹೋಗಿ ಎಲೆ ಅಡಕೆ ತತ್ತಾ," ಎಂದು ಅಟ್ಟಿದಳು. ಮಟಮಟ ಮಧ್ಯಾಹ್ನ ನಾನು ಎಲೆ ತರಲು ಹೋದೆ. ಸಂಜೆ ರೈಲಿನಲ್ಲಿ ಬರುವಾಗ ಹಸಿವಾಗುತ್ತಿತ್ತು. ಅಷ್ಟು ಸಂತೋಷವಾಗಿ ನಾನು ಯಾವತ್ತೂ ಹಸಿದಿರಲಿಲ್ಲ. ಮನೆ ಸೇರಿದವನೇ ಮಸ್ಕತ್ತಿಗೆ ಫೋನ್ ಮಾಡಿ, ನನ್ನ ಜಾಗಕ್ಕೆ ಯಾರನ್ನಾದರೂ ತೆಗೆದುಕೊಳ್ಳಿ ಎಂದು ಹೇಳಿದೆ.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಗಿರಿಜಾ ಊಟಕ್ಕೆ ಕರೆದಳು. ಇಬ್ಬರಿಗೆ ಎರಡು ಮುದ್ದೆ, ಉಪ್ಸಾರು. ಕೈ ತೊಳೆದು ಕೂತಿದ್ದೆನೋ ಇಲ್ಲವೋ, ಗೇಟಿನ ಹತ್ತಿರ ಕಾರು ನಿಂತಿತು. ಬಸವರಾಜ, ಮಂಜುಳಾ, ಹಿಂದಿನಿಂದ ಮಂಡಿ ಹಿಡಿದುಕೊಂಡು ದೊಡ್ಡಮ್ಮ ಇಳಿದರು. ನಮ್ಮೂರ ಹತ್ತಿರದ ಮಠಕ್ಕೆ ಬಂದವರು ಹಾಗೇ ಈ ಕಡೆ ಬಂದಿದ್ದರು. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಬಿಸಿ ಮುದ್ದೆ ತಟ್ಟೆಯಲ್ಲಿತ್ತು. ಬಾಗಿಲಿಗೆ ಹೋಗಿ ನಿಂತು, ಯೋಚನೆ ಮಾಡುವ ಮೊದಲೇ ಅಂದುಬಿಟ್ಟೆ.

"ಊಟದ್ ಹೊತ್ಗೆ ಹಿಂಗ್ ಬಂದ್ರೆ ಹೆಂಗೆ? ಒಂದ್ ಮಾತ್ ಹೇಳಕ್ಕಾಗಲ್ವಾ ನಿಮ್ಗೆ?"

ಬಸವರಾಜ ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. ಒಳಗೆ ಗಿರಿಜಾ ತಲೆ ಮೇಲೆ ಕೈ ಹೊತ್ತುಕೊಂಡಳು. ನನಗೂ ಗಾಬರಿಯಾಗಿ, ಮುಂದೆ ಏನು ಹೇಳಿ ಸರಿಮಾಡಲಿ ಎಂದು ನೋಡುತ್ತಿದ್ದೆ. ದೊಡ್ಡಮ್ಮ ಮಾತ್ರ ನನ್ನ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತಿ, ಹಿಂದೆ ತಿರುಗಿ ಸೊಸೆಗೆ ಹೇಳಿದಳು:

"ನೋಡ್ದೇನೇ, ಇವ್ನು ಇನ್ ವಾಪಸ್ ಹೋಗಲ್ಲ."