ಬೇರೆಯವರ ರಿಪೋರ್ಟು

ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿದ್ದರಿಂದ ಶಿವಮೊಗ್ಗದ ಒಂದು ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದೆ. ರಿಪೋರ್ಟಿನ ಲಿಂಕು ಮೊಬೈಲಿಗೆ ಬಂತು. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಪ್ರಿಂಟ್ ತೆಗೆಯೋಣವೆಂದು ಸ್ಟಾಫ್ ರೂಮಿನಲ್ಲಿ ಕೂತು ಆ ಲಿಂಕನ್ನು ನೋಡಿಕೊಂಡು ಟೈಪ್ ಮಾಡಿದೆ. ಅವಸರದಲ್ಲಿ ಕೊನೆಯ ಅಂಕಿ ತಪ್ಪಿತು. ತೆರೆದುಕೊಂಡದ್ದು ಬೇರೊಬ್ಬ ಹೆಂಗಸಿನ ರಿಪೋರ್ಟು.

ಹೆಸರು, ವಯಸ್ಸು, ಹೊಳೆಹೊನ್ನೂರಿನ ವಿಳಾಸ, ಅದರ ಕೆಳಗೆ ಕಾಯಿಲೆ. ಪಾಸ್‌ವರ್ಡ್ ಇಲ್ಲ, ಓಟಿಪಿ ಇಲ್ಲ. ಆಕೆ ನನಗೆ ಗೊತ್ತಿದ್ದವರು. ಮೊದಲು ವಿದ್ಯಾನಗರದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ಬಾಡಿಗೆಗಿದ್ದು ನನ್ನ ರವಿಕೆಗಳನ್ನೆಲ್ಲ ಹೊಲಿದುಕೊಟ್ಟವರು. ಅದು ಯಾರೂ ಹೊರಗೆ ಹೇಳಿಕೊಳ್ಳುವ ಕಾಯಿಲೆಯಲ್ಲ. ಏನೆಂದು ನಾನಿಲ್ಲಿ ಬರೆಯುವುದಿಲ್ಲ. ನನ್ನ ಗಂಟು ಅಪಾಯದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಸಮಾಧಾನಪಡುವಷ್ಟು ಜಾಗ ಮನಸ್ಸಿನಲ್ಲಿ ಉಳಿದಿರಲಿಲ್ಲ.

ಮರುದಿನವೇ ಲ್ಯಾಬಿಗೆ ಹೋಗಿ ಮಾಲೀಕರಿಗೆ ವಿಷಯ ಹೇಳಿದೆ. ಒಂದು ಅಂಕಿ ಬದಲಿಸಿದರೆ ಯಾರದ್ದು ಬೇಕಾದರೂ ಕಾಣುತ್ತದೆ, ಇವತ್ತೇ ನಿಲ್ಲಿಸಿ ಎಂದೆ. ಅವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ನಿಮ್ ರಿಪೋರ್ಟ್ ನಿಮಗೆ ಬಂತಲ್ಲ ಮೇಡಂ. ಬೇರೆಯವ್ರದ್ದು ಯಾಕೆ ನೋಡಕ್ಕೆ ಹೋದ್ರಿ?"

ಸಂಜೆಯೊಳಗೆ ಅವರ ಸಾಫ್ಟ್‌ವೇರ್ ಮಾಡಿಕೊಟ್ಟವನ ಫೋನು ಬಂತು. ನಾನು ಹ್ಯಾಕ್ ಮಾಡಿದ್ದೇನಂತೆ, ಸೈಬರ್ ಕ್ರೈಮಿಗೆ ದೂರು ಕೊಡುತ್ತಾನಂತೆ. ಇನ್ನೊಂದು ಫೋನು ನಮ್ಮ ಪ್ರಿನ್ಸಿಪಾಲರಿಗೆ ಹೋಗಿತ್ತು. ಅವರು ನನ್ನನ್ನು ಕರೆಸಿ, ಕಾಲೇಜಿನ ಹೆಸರು ಕೆಡಿಸಬೇಡಿ ಎಂದರು. ಸುಮ್ಮನೆ ಬಿಟ್ಟುಬಿಡು ಅಂತ ಮನೆಯಲ್ಲಿ ಗಂಡ. ಬಾಗಿಲು ತೆರೆದಿಟ್ಟವನಿಗೆ ಒಂದು ಮಾತಿಲ್ಲ, ತೆರೆದಿದೆ ಎಂದವಳಿಗೆ ಮೂರು ಕಡೆ ಬೈಗುಳ. ಆ ವಾರವೆಲ್ಲ ನಾನು ಪಾಠ ಮಾಡಿದ್ದು ಹಲ್ಲು ಕಚ್ಚಿಕೊಂಡು.

ನಮ್ಮ ಕಾಲೇಜಿನ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರು ಭದ್ರಾವತಿಯಲ್ಲಿದ್ದಾರೆ. ಕಾಲೇಜಿಗೆ ಬರುವ ಮೊದಲು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಮನೆಮಾತು ತಮಿಳು. ಭಾನುವಾರ ಬಸ್ಸು ಹತ್ತಿ ಅವರ ಮನೆಗೆ ಹೋಗಿ ಎಲ್ಲವನ್ನೂ ಕಕ್ಕಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಒಬ್ಳೇ ಹೋಗಿದ್ದು ತಪ್ಪು ಕಣಮ್ಮ," ಎಂದರು. "ಕರೆಂಟಿರೋ ಲೈನಿಗೆ ಕಾರ್ಖಾನೇಲಿ ಯಾರೂ ಒಬ್ರೇ ಕೈ ಹಾಕ್ತಿರ್ಲಿಲ್ಲ. ಮೊದ್ಲು ಪರ್ಮಿಟ್ ಕಾಗದ, ಪಕ್ಕದಲ್ಲಿ ಇನ್ನೊಬ್ರು, ಇಬ್ರದ್ದೂ ಸಹಿ. ಆಮೇಲೆ ಕೆಲ್ಸ."

ನಮ್ಮ ಗುಂಪು ಹುಟ್ಟಿದ್ದು ಆ ಮಾತಿನಿಂದ. ಮುಂದಿನ ಭಾನುವಾರ ಅವರ ಮನೆಯ ಜಗಲಿಯಲ್ಲಿ ನಾಲ್ವರು ಕೂತೆವು. ಮೂರನೆಯವಳು ನನ್ನ ಹಳೆಯ ವಿದ್ಯಾರ್ಥಿನಿ. ಮಲವಗೊಪ್ಪದ ಮನೆಯಿಂದಲೇ ಒಂದು ಕಂಪನಿಗೆ ವೆಬ್‌ಸೈಟುಗಳ ಭದ್ರತೆ ಪರೀಕ್ಷಿಸುವ ಕೆಲಸ ಮಾಡುತ್ತಾಳೆ. ನಾಲ್ಕನೆಯವರು ಶಿವಮೊಗ್ಗ ಕೋರ್ಟಿನ ಒಬ್ಬ ವಕೀಲೆ. ಉದ್ದೇಶ ಒಳ್ಳೆಯದಾದರೂ ಅನುಮತಿಯಿಲ್ಲದೆ ಒಳಹೊಕ್ಕರೆ ಸಿಕ್ಕಿಬೀಳುವುದು ನಾವೇ ಎಂದು ಅವರು ಖಡಕ್ಕಾಗಿ ಹೇಳಿದರು. ಒಂದು ನೋಟ್‌ಬುಕ್ಕಿನಲ್ಲಿ ನಿಯಮ ಬರೆದೆವು. ಯಾರೂ ಒಂಟಿಯಾಗಿ ಕೆಲಸ ಮಾಡಕೂಡದು. ನಮ್ಮ ಸ್ವಂತ ದಾಖಲೆ ಬಿಟ್ಟು ಇನ್ನೊಬ್ಬರದನ್ನು ಮುಟ್ಟಕೂಡದು. ಮೊದಲು ತಪ್ಪು ಮಾಡಿದವರಿಗೆ ಪತ್ರ, ಸರಿಪಡಿಸಲು ಸಮಯ, ಕೇಳದಿದ್ದರೆ ಸರ್ಕಾರಕ್ಕೆ. ಪ್ರತಿ ಪತ್ರಕ್ಕೂ ಎಲ್ಲರ ಸಹಿ. ನಾಯಕರು ಬೇಡವೆಂದು ಹಿರಿಯರು ಹಟ ಹಿಡಿದರು. ನಾಯಕನೊಬ್ಬನಿದ್ದರೆ ಹೆದರಿಸುವವರಿಗೆ ಒಂದೇ ಫೋನು ಸಾಕು ಎಂಬುದು ಅವರ ವಾದ.

ನಿಯಮ ಒಂದು ವಾರವೂ ಬಾಳಲಿಲ್ಲ. ಮರು ಭಾನುವಾರ ಹುಡುಗಿ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಒಂದು ಫೋಲ್ಡರ್ ತುಂಬ ಯಾರ್ಯಾರದೋ ರಿಪೋರ್ಟುಗಳು. ಸಾಕ್ಷಿಗೆಂದು ಇಳಿಸಿಕೊಂಡಿದ್ದಳು.

"ಹೆಸರು ಮುಚ್ಚಿ ಫೇಸ್‌ಬುಕ್ಕಿಗೆ ಹಾಕ್ತೀನಿ ಮೇಡಂ. ನಾಳೇನೇ ಸರಿ ಮಾಡ್ತಾರೆ."

ನಾನು ಅವಳ ಮೇಲೆ ಕೂಗಾಡಿದೆ. ಒಳ್ಳೆಯವಳೆಂಬ ಕಾರಣಕ್ಕೆ ಆ ಜನರ ಮೈಯೊಳಗಿನ ಸುದ್ದಿ ಅವಳದ್ದಾಗುತ್ತದೆಯೇ ಎಂದು ಕೇಳಿದೆ. ಕೂಗುವಾಗಲೇ ನನ್ನ ಅರ್ಧ ಮನಸ್ಸು ಅವಳ ಪಕ್ಷ ವಹಿಸಿತ್ತು. ಲ್ಯಾಬಿನವನ ಮಾನ ಬೀದಿಗೆ ಬರಲಿ ಎಂದು ನನಗೂ ಆಸೆಯಿತ್ತು. ಕೊನೆಗೆ ಅವಳು ನಮ್ಮೆದುರಿಗೇ ಒಂದೊಂದಾಗಿ ಅಳಿಸಿದಳು. ಕಣ್ಣಲ್ಲಿ ನೀರಿತ್ತು, ನಾಚಿಕೆಯದಲ್ಲ, ಸಿಟ್ಟಿನದು.

"ಅಳಿಸಿದೀನಿ. ಆದ್ರೆ ಅವ್ರು ಪತ್ರಕ್ಕೆಲ್ಲ ಬಗ್ಗಲ್ಲ, ನೋಡ್ತಿರಿ."

ಆಮೇಲೆ ಅವಳು ಅದೇ ಲ್ಯಾಬಿನಲ್ಲಿ ತನ್ನ ರಕ್ತಪರೀಕ್ಷೆ ಮಾಡಿಸಿದಳು. ಒಬ್ಬರಿಗೊಬ್ಬರು ಲಿಖಿತ ಒಪ್ಪಿಗೆ ಕೊಟ್ಟುಕೊಂಡು, ಉಳಿದಿಬ್ಬರ ಎದುರಿನಲ್ಲಿ ನನ್ನದನ್ನು ಅವಳು, ಅವಳದನ್ನು ನಾನು ತೆರೆದೆವು. ಆ ಎರಡನ್ನೇ ಲಗತ್ತಿಸಿ ನಾಲ್ಕು ಸಹಿಯ ಪತ್ರ ಕಳಿಸಿದೆವು. ಉತ್ತರ ಬರಲಿಲ್ಲ. ಕೊಟ್ಟ ಗಡುವು ಮುಗಿದ ಮೇಲೆ ಇಂಥ ದೂರುಗಳನ್ನು ನೋಡುವ ದೆಹಲಿಯ ಸರ್ಕಾರಿ ಸಂಸ್ಥೆಗೆ ಬರೆದೆವು. ಕೆಲವು ದಿನಗಳಲ್ಲಿ ಲ್ಯಾಬಿನ ಲಿಂಕು ಓಟಿಪಿ ಕೇಳತೊಡಗಿತು. ಬಾಗಿಲಲ್ಲಿ ಹೊಸ ಬೋರ್ಡೂ ಬಂತು, ನಿಮ್ಮ ಮಾಹಿತಿ ನಮ್ಮಲ್ಲಿ ಸುರಕ್ಷಿತ ಎಂದು. ನಮಗೆ ಒಂದು ಸಾಲಿನ ಉತ್ತರ ಬೇಡ, ಹೋಗಲಿ. ಎಷ್ಟೋ ಕಾಲ ಬೀದಿಯಲ್ಲಿ ಬಿದ್ದಿದ್ದ ರಿಪೋರ್ಟಿನ ಜನರಿಗೆ ಯಾರೂ ಒಂದು ಮಾತು ಹೇಳಲಿಲ್ಲ. ಅವರಿಗೆ ಹೇಳಿ ಎಂದು ಲ್ಯಾಬಿಗೆ ಮತ್ತೆ ಪತ್ರ ಬರೆದೆವು. ಅದು ಸಹಿ ಸಮೇತ, ಲಕೋಟೆಯನ್ನೂ ಒಡೆಯದೆ, ಹಾಗೇ ವಾಪಸು ಬಂತು.

ಒಬ್ಬರಿಗಾದರೂ ನಾನು ಹೇಳಬಹುದಿತ್ತು. ವಕೀಲೆಯನ್ನು ಜೊತೆಗೆ ಕರೆದುಕೊಂಡು ಹೊಳೆಹೊನ್ನೂರಿಗೆ ಹೋದೆ. ಆಕೆ ಹೊಲಿಗೆ ಮೆಷಿನ್ ನಿಲ್ಲಿಸಿ ಕಾಫಿ ಕೊಟ್ಟರು. ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಆಕೆಯ ಮುಖ ಬಿಗಿಯಾಯಿತು.

"ನಾನು ನನ್ ಅಕ್ಕಂಗೂ ಹೇಳಿಲ್ಲ. ನೀವು ನೋಡಿ ಎಷ್ಟು ದಿನ ಆಯ್ತು?"

ಎರಡು ತಿಂಗಳಾಗಿತ್ತು. ಹೇಳಿದೆ.

"ಅವ್ರಿಗೆ ಪತ್ರ ಬರೆಯಕ್ಕೆ ನಾಕು ಜನ ಕೂತ್ರಿ. ನನಗೊಂದು ಫೋನ್ ಮಾಡಕ್ಕೆ ಎರಡು ತಿಂಗ್ಳು ಬೇಕಾಯ್ತಾ ಮಾರಾಯ್ತಿ?"

ಬಸ್ಸು ಹತ್ತಿ ವಾಪಸು ಹೊರಟೆವು. ಅಲ್ಲಿಯವರೆಗೆ ನನ್ನ ಸಿಟ್ಟಿಗೆ ನಾನೇ ಗುರಿಯಾಗಿರಲಿಲ್ಲ. ಆ ಭಾನುವಾರ ನೋಟ್‌ಬುಕ್ಕಿನಲ್ಲಿ ಹೊಸದೊಂದು ನಿಯಮ ಬರೆದು, ಎಲ್ಲಕ್ಕಿಂತ ಮೇಲೆ ಇಟ್ಟೆವು. ಅಕಸ್ಮಾತ್ ಯಾರದ್ದಾದರೂ ದಾಖಲೆ ಕಣ್ಣಿಗೆ ಬಿದ್ದರೆ ಮೊದಲು ತಿಳಿಯಬೇಕಾದ್ದು ಆ ವ್ಯಕ್ತಿಗೆ.

ಈಗ ನಾವು ಏಳು ಜನ. ಸದ್ಯಕ್ಕೆ ಒಂದು ಲೇಡೀಸ್ ಹಾಸ್ಟೆಲಿನವರಿಗೆ ಪತ್ರ ಬರೆದು ಕಾಯುತ್ತಿದ್ದೇವೆ. ಹುಡುಗಿಯರ ಆಧಾರ್ ಪ್ರತಿಗಳು ಅವರ ವೆಬ್‌ಸೈಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಆ ಹುಡುಗಿಯರಿಗೆ ಈ ಸಲ ಮೊದಲೇ ಹೇಳಿದ್ದೇವೆ. ವಾರ್ಡನ್ ನಿನ್ನೆ ಫೋನ್ ಮಾಡಿ, ಇದೆಲ್ಲ ನೋಡಲು ನೀವ್ಯಾರು ಎಂದು ಕೇಳಿದರು.